26 ಅಡಿಯ ಹಾಯಿದೋಣಿಗೆ ಹೀಟರ್: 2 ಕಿಲೋವ್ಯಾಟ್ ಸಾಕು, ಹೆಚ್ಚಾದರೆ ಮಸಿ

ಸ್ಕಾಟ್ಲೆಂಡಿನ ಕ್ಲೈಡ್ ಕಡಲಚಾಚಿನ ಕಡೆ ಏಪ್ರಿಲ್‌ನಲ್ಲೋ ಅಕ್ಟೋಬರ್‌ನಲ್ಲೋ ಹಾಯಿದೋಣಿಯೊಳಗೆ ರಾತ್ರಿ ಕಳೆಯುವವರಿಗೆ ಚಳಿಗಿಂತ ದೊಡ್ಡ ಕಾಟ ತೇವ. ಇಬ್ಬರ ಉಸಿರು, ಕೆಟಲ್‌ನ ಹಬೆ ಎಲ್ಲವೂ ತಣ್ಣಗಿನ ಫೈಬರ್ ಗೋಡೆಗೆ ಕೂತು ಬೆಳಗಾಗುವಷ್ಟರಲ್ಲಿ ತೊಟ್ಟಿಕ್ಕುತ್ತದೆ, ಹಾಸಿಗೆಯ ಅಡಿ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಹೀಟರ್ ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು ಎಷ್ಟು ಬಿಸಿ ಕೊಡುತ್ತದೆ ಎಂದಲ್ಲ; ಇಂಧನ ಉರಿದಾಗ ಹುಟ್ಟುವ ನೀರಾವಿ ಎಲ್ಲಿಗೆ ಹೋಗುತ್ತದೆ ಎಂದು.

ಇಲ್ಲಿ ಅಳತೆಗೆ ಇಟ್ಟುಕೊಂಡಿರುವುದು ವೆಸ್ಟರ್ಲಿ ಸೆಂಟಾರ್. 1969ರಿಂದ 1980ರವರೆಗೆ ಬ್ರಿಟನ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ತಯಾರಾದ 26 ಅಡಿಯ ದೋಣಿ ಇದು.

ಒರಿಗೋ ಹೀಟ್‌ಪಾಲ್‌ನಂಥ ಸ್ಪಿರಿಟ್ ಹೀಟರ್‌ಗೆ ತಂತಿಯಿಲ್ಲ, ಕೊಳವೆಯಿಲ್ಲ, ತಂದಿಟ್ಟು ಹಚ್ಚಿದರಾಯಿತು. ಆದರೆ ಒಂದು ಲೀಟರ್ ಸ್ಪಿರಿಟ್ ಉರಿದರೆ ಹತ್ತಿರಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಕ್ಯಾಬಿನ್ನಿನಲ್ಲೇ ಉಳಿಯುತ್ತದೆ. ಗಾಳಿಕಿಂಡಿ ತೆರೆದಿಟ್ಟು ಅರ್ಧ ಗಂಟೆ ಕೈ ಕಾಯಿಸಿಕೊಳ್ಳಲು ಸರಿ, ಹಚ್ಚಿಟ್ಟು ಮಲಗಲು ಖಂಡಿತ ಬೇಡ.

ಪ್ರೋಪೆಕ್ಸ್ ಎಚ್‌ಎಸ್2000 ಗ್ಯಾಸಿನದು, 1.9 ಕಿಲೋವ್ಯಾಟ್. ಹೊಗೆ ಹೊರಗೇ ಹೋಗುವುದರಿಂದ ಒಳಗಿನ ಗಾಳಿ ಒಣಗುತ್ತದೆ, ಸದ್ದೂ ಕಡಿಮೆ. ಗಂಟೆಗೆ ಸುಮಾರು 142 ಗ್ರಾಂ ಗ್ಯಾಸ್ ಬೇಕು, ಅಂದರೆ 2.75 ಕೆ.ಜಿ. ಸಿಲಿಂಡರ್ ಸತತ ಉರಿದರೆ 19 ಗಂಟೆಗೆ ಖಾಲಿ. ಬ್ಯೂಟೇನ್ ಆದರೆ ಸೊನ್ನೆ ಡಿಗ್ರಿಯ ಹತ್ತಿರ ಒತ್ತಡವೇ ಸತ್ತುಹೋಗುತ್ತದೆ, ಪ್ರೋಪೇನ್ ಬೇಕು. ಸೋರಿದ ಗ್ಯಾಸ್ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ಮಡುಗಟ್ಟುತ್ತದೆ. ಸಿಲಿಂಡರ್‌ಗೆ ಸಮುದ್ರಕ್ಕೆ ತೆರೆದುಕೊಳ್ಳುವ ತೂತಿರುವ ಪ್ರತ್ಯೇಕ ಪೆಟ್ಟಿಗೆ ಮೊದಲೇ ಇದ್ದರೆ ಮಾತ್ರ ಇದರ ಯೋಚನೆ ಮಾಡಿ.

ಟೇಲರ್ಸ್ ಸೀಮೆಎಣ್ಣೆ ಹೀಟರ್ ನೋಡಲು ಚೆಂದ, ವಿದ್ಯುತ್ತೂ ಬೇಡ. ನಮ್ಮ ಹಳೆಯ ಪಂಪ್ ಸ್ಟವ್ ಬಲ್ಲವರಿಗೆ ಹೊಸದಾಗಿ ಕಲಿಯುವುದೇನಿಲ್ಲ: ಸ್ಪಿರಿಟ್ ಹಾಕಿ ಬರ್ನರ್ ಕಾಯಿಸು, ಪಂಪ್ ಹೊಡೆ, ಅವಸರಪಟ್ಟರೆ ಹಳದಿ ಜ್ವಾಲೆ ಭಗ್ಗೆನ್ನುತ್ತದೆ. ದಿನವೂ ದೋಣಿಯಲ್ಲೇ ಇರುವವರಿಗೆ ಹಿತ. ವಾರಾಂತ್ಯದಲ್ಲಿ ನೆನೆದು ಒಳಬಂದವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ.

ಉಳಿದದ್ದು ಡೀಸೆಲ್ ಬಿಸಿಗಾಳಿಯ ಹೀಟರ್. ಸೆಂಟಾರ್‌ಗೆ ನಮ್ಮ ಆಯ್ಕೆಯೂ ಅದೇ. ಎಬರ್‌ಸ್ಪೇಖರ್ ಏರ್‌ಟ್ರಾನಿಕ್ ಡಿ2 0.85ರಿಂದ 2.2 ಕಿಲೋವ್ಯಾಟ್ ಕೊಡುತ್ತದೆ, ವೆಬಾಸ್ಟೋ ಏರ್‌ಟಾಪ್ 2000 0.9ರಿಂದ 2. ಇವೆರಡರ ನಡುವೆ ತಲೆ ಕೆಡಿಸಿಕೊಳ್ಳಬೇಡಿ, ಹತ್ತಿರದಲ್ಲಿ ಯಾವುದರ ರಿಪೇರಿಯವರು ಸಿಗುತ್ತಾರೋ ಅದನ್ನು ಕೊಳ್ಳಿ. ಡಿ2 ಮಧ್ಯಮ ಉರಿಯಲ್ಲಿ ಗಂಟೆಗೆ 0.15 ಲೀಟರ್ ಡೀಸೆಲ್, ಒಂದು ಆಂಪಿಯರ್ ಕರೆಂಟ್ ತಿನ್ನುತ್ತದೆ. ಎಂಟು ಗಂಟೆಯ ರಾತ್ರಿಗೆ 1.2 ಲೀಟರ್, 8 ಆಂಪಿಯರ್-ಅವರ್. 100 ಆಂಪಿಯರ್-ಅವರ್‌ನ ಲೆಡ್ ಬ್ಯಾಟರಿಗೆ ಇದು ಹೊರೆಯೇ ಅಲ್ಲ.

"ಇರಲಿ, 5 ಕಿಲೋವ್ಯಾಟಿನದೇ ತಗೊಳ್ಳೋಣ" ಎನ್ನುವ ಆಸೆಯೇ ಕೆಡಿಸುವುದು. ಪುಟ್ಟ ಕ್ಯಾಬಿನ್ ಹತ್ತು ನಿಮಿಷಕ್ಕೆ ಬಿಸಿಯಾಗಿ ಹೀಟರ್ ತಗ್ಗಿದ ಉರಿಗೆ ಇಳಿಯುತ್ತದೆ. ಸಣ್ಣ ಉರಿಯಲ್ಲಿ ಡೀಸೆಲ್ ಪೂರ್ತಿ ಉರಿಯದೆ ಒಳಗೆ ಮಸಿ ಕಟ್ಟುತ್ತದೆ, ಕೆಲವು ತಿಂಗಳಲ್ಲಿ ಬಿಳಿಹೊಗೆ ಕಾರಿ ಹೊತ್ತುವುದೇ ಇಲ್ಲ. 2 ಕಿಲೋವ್ಯಾಟಿನದನ್ನೂ ನಂದಿಸುವ ಮುಂಚೆ ಹದಿನೈದು ಇಪ್ಪತ್ತು ನಿಮಿಷ ಪೂರ್ತಿ ಉರಿಯಲ್ಲಿ ಓಡಿಸುವುದು ಒಳ್ಳೆಯದು.

ಹೊತ್ತಲಿಲ್ಲ ಎಂಬ ದೂರಿನಲ್ಲಿ ಬಹುಪಾಲು ತಪ್ಪು ತಂತಿಯದು. ಶುರುವಿನಲ್ಲಿ ಡೀಸೆಲ್ ಹೊತ್ತಿಸಲು ಕಾಯುವ ಕಡ್ಡಿ, ಗ್ಲೋ ಪಿನ್, 8 ಆಂಪಿಯರ್‌ವರೆಗೆ ಎಳೆಯುತ್ತದೆ. ಬ್ಯಾಟರಿ ಐದು ಮೀಟರ್ ದೂರವಿದ್ದರೆ ಹೋಗಿಬರುವ ತಂತಿ ಹತ್ತು ಮೀಟರ್. 1.5 ಚದರ ಮಿ.ಮೀ. ತಂತಿ ಹಾಕಿದರೆ ದಾರಿಯಲ್ಲೇ ಹತ್ತಿರಹತ್ತಿರ ಒಂದು ವೋಲ್ಟ್ ಕಳೆದುಹೋಗುತ್ತದೆ. ಅರ್ಧ ಇಳಿದ ಬ್ಯಾಟರಿಯಾದರೆ ಹೀಟರ್ ಕಡಿಮೆ ವೋಲ್ಟೇಜ್ ಎಂದು ಕೈಕಟ್ಟಿ ಕೂರುತ್ತದೆ. 4 ಅಥವಾ 6 ಚದರ ಮಿ.ಮೀ. ಹಾಕಿ, ಫ್ಯೂಸ್ ಬ್ಯಾಟರಿಯ ಬುಡದಲ್ಲಿರಲಿ.

ಡೀಸೆಲ್ ಪಂಪನ್ನು ಮಲಗಿಸಬೇಡಿ. ಹೊರಬಾಯಿ ಮೇಲಾಗಿ 15ರಿಂದ 35 ಡಿಗ್ರಿ ಓರೆಯಿದ್ದರೆ ಗಾಳಿಗುಳ್ಳೆ ನಿಲ್ಲುವುದಿಲ್ಲ. ಕೊಳವೆಗಳ ತುದಿ ರಬ್ಬರ್ ಜೋಡಣೆಯೊಳಗೆ ಒಂದಕ್ಕೊಂದು ತಾಗಿರಬೇಕು. ಪಂಪಿನ ಟಕ್ ಟಕ್ ಸದ್ದಿಗೆ ಮದ್ದು ರಬ್ಬರ್ ಹಿಡಿಕೆ, ಮತ್ತು ಅದನ್ನು ಮಲಗುವ ಜಾಗದ ಗೋಡೆಗೆ ಬಿಗಿಯದಿರುವುದು.

ಹೊಗೆಕೊಳವೆಯ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. ಹೊರಬಾಯಿ ದೋಣಿಯ ಹಿಂಬದಿಯಲ್ಲಿ ಎತ್ತರಕ್ಕಿರಲಿ. ಪಕ್ಕದಲ್ಲಿಟ್ಟರೆ ಗಾಳಿಗೆ ವಾಲಿದಾಗ ನೀರಿನಡಿ ಹೋಗುತ್ತದೆ. ಒಳಗೆ ಕೊಳವೆ ಒಮ್ಮೆ ಮೇಲೇರಿ ಹಂಸದ ಕತ್ತಿನಂತೆ ಬಾಗಿ ಇಳಿಯಬೇಕು, ಇಲ್ಲವಾದರೆ ಹಿಂದಿನಿಂದ ಬಂದ ಅಲೆ ನೇರ ಹೀಟರಿನೊಳಕ್ಕೆ. ಉದ್ದಕ್ಕೂ ಶಾಖನಿರೋಧಕ ಸುತ್ತಿರಲಿ. ಅಗ್ಗದ ಚೀನೀ ಡೀಸೆಲ್ ಹೀಟರ್ ಕಿಟ್‌ಗಳ ನಿಜವಾದ ದೋಷ ಇರುವುದೂ ಇಲ್ಲೇ. ಬರ್ನರ್ ಪರವಾಗಿಲ್ಲ, ಆದರೆ ಜೊತೆಗೆ ಬರುವ ಸೈಲೆನ್ಸರ್ ಲಾರಿಯ ಅಡಿಗೆ ತೂಗುಹಾಕಲು ಮಾಡಿದ್ದು, ಬೆಸುಗೆಯ ಸಂದಿಯಲ್ಲಿ ಹೊಗೆ ಸೋರುತ್ತದೆ. ಲಾರಿಯಲ್ಲಿ ಅದು ಬಯಲಿಗೆ ಹೋಗುತ್ತದೆ, ದೋಣಿಯಲ್ಲಿ ನೀವು ಮಲಗಿದ ಜಾಗಕ್ಕೆ. ಆ ಕಿಟ್ಟೇ ಬೇಕೆಂದರೆ ಹೊಗೆಕೊಳವೆ, ಸೈಲೆನ್ಸರ್, ಹೊರಬಾಯಿ ಮೂರನ್ನೂ ಎಸೆದು ದೋಣಿಗೆಂದೇ ಮಾಡಿದ, ಹೊಗೆ ಸೋರದ ಭಾಗಗಳನ್ನು ಹಾಕಿ. ಆಮೇಲೆ ಬೆಲೆ ಕೂಡಿಸಿ ನೋಡಿ, ಉಳಿತಾಯ ಅಂದುಕೊಂಡಷ್ಟು ಇರುವುದಿಲ್ಲ.

ಯಾವ ಹೀಟರ್ ಹಾಕಿದರೂ ಇಎನ್ 50291-2 (ದೋಣಿಗಳಿಗೂ ಅನ್ವಯಿಸುವ ಯುರೋಪಿನ ಮಾನದಂಡ) ಗುರುತಿನ ಕಾರ್ಬನ್ ಮೊನಾಕ್ಸೈಡ್ ಅಲಾರಂ ತಲೆದಿಂಬಿನ ಹತ್ತಿರ ಇರಬೇಕು. ಆರಿಸುವಾಗ ಹೀಟರಿನ ಸ್ವಿಚ್ಚಿನಿಂದಲೇ ಆರಿಸಿ, ಫ್ಯಾನ್ ತಾನಾಗಿ ನಿಲ್ಲುವ ತನಕ ಕೆಲವು ನಿಮಿಷ ಕಾಯಿರಿ. ಮುಖ್ಯ ಬ್ಯಾಟರಿ ಸ್ವಿಚ್ ತಿರುಗಿಸಿ ಎದ್ದುಹೋದರೆ ಕೆಂಪಗೆ ಕಾದ ಬರ್ನರ್‌ಗೆ ಗಾಳಿ ಸಿಗದೆ ಒಳಗಿನ ಸೆನ್ಸರ್, ಪ್ಲಾಸ್ಟಿಕ್ ಭಾಗಗಳು ಬೇಯುತ್ತವೆ. ಹೀಟರಿನ ತಂತಿಯನ್ನು ಆ ಸ್ವಿಚ್ಚಿಗಿಂತ ಮುಂಚೆಯೇ, ಫ್ಯೂಸ್ ಮೂಲಕ ನೇರ ಬ್ಯಾಟರಿಗೆ ಕೊಡುವುದು ಅದಕ್ಕಾಗಿಯೇ.