ಟೌಬರ್ ಕಣಿವೆಯ ಸೈಕಲ್ ಪ್ರವಾಸ: ಹಾದಿ ಸೊಗಸು, ವೇಳಾಪಟ್ಟಿ ಅವಸರದ್ದು

ದಕ್ಷಿಣ ಜರ್ಮನಿಯ ರೋಥೆನ್‌ಬುರ್ಗ್‌ನಿಂದ ವೆರ್ಟ್‌ಹೈಮ್‌ವರೆಗೆ, ಟೌಬರ್ ನದಿಯ ಮಗ್ಗುಲಲ್ಲೇ ಸಾಗುವ ಸುಮಾರು 100 ಕಿ.ಮೀ. ಸೈಕಲ್ ಹಾದಿಯನ್ನು ನಾವು ಖಾಸಗಿ ಸಂಸ್ಥೆಯೊಂದರ ಮೂಲಕ ಕ್ರಮಿಸಿದೆವು. ಬಾಡಿಗೆ ಸೈಕಲ್, ಹೋಟೆಲ್ ಕೊಠಡಿ, ಸಾಮಾನು ಸಾಗಣೆ ಮೂರೂ ಅವರ ಹೊಣೆ. ಮಾರ್ಗದರ್ಶಿ ಮಾತ್ರ ಇರುವುದಿಲ್ಲ. ಅದರ ಅಗತ್ಯವೂ ಇಲ್ಲ. ಜರ್ಮನ್ ಸೈಕಲ್ ಸವಾರರ ಸಂಘವಾದ ಎಡಿಎಫ್‌ಸಿಯಿಂದ ಐದು ನಕ್ಷತ್ರಗಳ ಮನ್ನಣೆ ಪಡೆದ ಈ ಹಾದಿಯಲ್ಲಿ ಫಲಕಗಳು ಸ್ಪಷ್ಟವಾಗಿವೆ, ಮತ್ತು ನದಿ ಹರಿಯುವ ದಿಕ್ಕಿನಲ್ಲೇ ಸಾಗುವುದರಿಂದ ಹೆಚ್ಚು ಅಭ್ಯಾಸವಿಲ್ಲದವರೂ ಬಹುಪಾಲು ದೂರವನ್ನು ಆಯಾಸವಿಲ್ಲದೆ ಮುಗಿಸಬಹುದು.

ಬೆಳಿಗ್ಗೆ ಹೋಟೆಲಿನಲ್ಲಿ ಬಿಟ್ಟ ಚೀಲಗಳು ಪ್ರತಿದಿನವೂ ನಮಗಿಂತ ಮೊದಲೇ ಮುಂದಿನ ಊರು ಸೇರಿರುತ್ತಿದ್ದವು; ಕೊಟ್ಟ ಹಣಕ್ಕೆ ಇದೊಂದೇ ಸಾಕು ಎನ್ನಿಸಿತು. ಸೈಕಲ್ಲುಗಳೂ ಗಟ್ಟಿಮುಟ್ಟಾಗಿದ್ದವು. ಆದರೆ ಅವುಗಳಲ್ಲಿ, ಜರ್ಮನಿಯಲ್ಲಿ ಈಗಲೂ ಬಳಕೆಯಲ್ಲಿರುವ, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂಬದಿಯ ಚಕ್ರ ನಿಲ್ಲುವ ಬ್ರೇಕ್ ಇತ್ತು. ಇದರ ರೂಢಿಯಿಲ್ಲದವರು ನಿಂತ ಮೇಲೆ ಪೆಡಲನ್ನು ಹಿಂದಕ್ಕೆ ತಿರುಗಿಸಿ ಕಾಲಿಗೆ ಹೊಂದಿಸಿಕೊಳ್ಳಲಾಗದೆ ಪರದಾಡುತ್ತಾರೆ. ಕೈಬ್ರೇಕ್ ಮಾತ್ರ ಇರುವ ಸೈಕಲ್ ಬೇಕಿದ್ದರೆ ಮುಂಗಡ ಕಾಯ್ದಿರಿಸುವಾಗಲೇ ಕೇಳುವುದು ಒಳಿತು.

ನನ್ನ ಮುಖ್ಯ ಆಕ್ಷೇಪ ದಿನಗಳ ಹಂಚಿಕೆಯ ಕುರಿತಾದದ್ದು. ಮೊದಲ ದಿನವೇ ಕ್ರೆಗ್ಲಿಂಗನ್ ದಾಟಿ ವೈಕರ್ಸ್‌ಹೈಮ್ ತಲುಪಬೇಕೆಂದು ಗೊತ್ತುಪಡಿಸಿದ್ದಾರೆ. ಕ್ರೆಗ್ಲಿಂಗನ್ ಊರಾಚೆಯ ಪುಟ್ಟ ಚರ್ಚಿನಲ್ಲಿ ಶಿಲ್ಪಿ ಟಿಲ್ಮನ್ ರೀಮೆನ್‌ಶ್ನೈಡರ್ 16ನೇ ಶತಮಾನದ ಆರಂಭದಲ್ಲಿ ಕೆತ್ತಿದ, ಯೇಸುವಿನ ತಾಯಿ ಮೇರಿಯ ಸ್ವರ್ಗಾರೋಹಣವನ್ನು ತೋರಿಸುವ ಶಿಲ್ಪಗಳುಳ್ಳ ಮರದ ಪೂಜಾಪೀಠವಿದೆ. ಬಣ್ಣ ಬಳಿಯದ ಆ ಮರದಲ್ಲಿ ಬಟ್ಟೆಯ ಒಂದೊಂದು ನಿರಿಗೆಯೂ ಬೆಳಕು ಸರಿದಂತೆಲ್ಲ ಬೇರೆಯಾಗಿ ಕಾಣುವುದನ್ನು ನೋಡುತ್ತ ನಿಂತರೆ ಮಧ್ಯಾಹ್ನ ಕಳೆದದ್ದೇ ತಿಳಿಯುವುದಿಲ್ಲ. ಪರಿಣಾಮವಾಗಿ ನಾವು ವೈಕರ್ಸ್‌ಹೈಮ್ ಸೇರುವ ಹೊತ್ತಿಗೆ ಅರಮನೆಯ ಬಾಗಿಲು ಮುಚ್ಚಿತ್ತು. ಇಲ್ಲಿ ಎರಡು ರಾತ್ರಿಗಳ ವಾಸ್ತವ್ಯ ಕೊಟ್ಟಿದ್ದರೆ ಪ್ರವಾಸದ ತೂಕವೇ ಬೇರೆಯಾಗುತ್ತಿತ್ತು.

1809ರವರೆಗೆ ಟ್ಯೂಟಾನಿಕ್ ಎಂಬ ಕ್ರೈಸ್ತ ಯೋಧಸಂಘದ ಕೇಂದ್ರವಾಗಿದ್ದ ಬಾಡ್ ಮೆರ್ಗೆಂಟ್‌ಹೈಮ್‌ಗೆ ಅರ್ಧ ದಿನ ಸಾಕು. ಕೊನೆಯ ಭಾಗದಲ್ಲಿ, ಬ್ರೊನ್‌ಬಾಖ್ ಮಠದ ಆಸುಪಾಸಿನಲ್ಲಿ, ಒಂದಷ್ಟು ಏರುಗಳಿವೆ. ಕೈಪಿಡಿ ಅವನ್ನು ಪ್ರಸ್ತಾಪಿಸಿಯೇ ಇಲ್ಲ. ಭಾನುವಾರ ಜರ್ಮನಿಯಲ್ಲಿ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಆದ್ದರಿಂದ ದಾರಿಯ ತಿಂಡಿಯನ್ನು ಶನಿವಾರವೇ ಕೊಂಡಿಟ್ಟುಕೊಳ್ಳಬೇಕೆಂಬ ಸೂಚನೆಯೂ ಅದರಲ್ಲಿಲ್ಲ.

ಟೌಬರ್ ನದಿ ಮೈನ್ ನದಿಯನ್ನು ಕೂಡುವ ವೆರ್ಟ್‌ಹೈಮ್‌ನಲ್ಲಿ ಸೈಕಲ್ ಒಪ್ಪಿಸಿದ ಮೇಲೆ, ಅದೇ ಕಣಿವೆಯ ರೈಲು ಹಿಡಿದು ಅರಮನೆ ನೋಡಲು ವೈಕರ್ಸ್‌ಹೈಮ್‌ಗೆ ಹಿಂದಿರುಗಿದೆವು. ಆ ಟಿಕೆಟ್ಟಿನ ಖರ್ಚು ಮಾತ್ರ ನಮ್ಮದೇ ಆಯಿತು.