ಮಾಲ್ಟ್ ಚೀಲ ಪಾತ್ರೆಯಲ್ಲಿರುವಾಗ ನೀರು ಕುದಿಯಲು ಬಿಡಬೇಡಿ

ಮನೆಯಲ್ಲಿ ಮಾಡಿದ ಇಪ್ಪತ್ತು ಲೀಟರ್ ಬಿಯರನ್ನು ಬಾಟಲಿ ಬಾಟಲಿಯಾಗಿ ಮೋರಿಗೆ ಸುರಿದು ಬಂದು ಇದನ್ನು ಬರೆಯುತ್ತಿದ್ದೇನೆ. ಹುಳಿಯಾಗಿರಲಿಲ್ಲ, ಕೆಟ್ಟ ವಾಸನೆಯೂ ಇರಲಿಲ್ಲ. ಯೀಸ್ಟ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಒಳ್ಳೆ ಕಂದು ಬಣ್ಣ, ನೊರೆಯೂ ಚೆನ್ನಾಗಿ ನಿಲ್ಲುತ್ತಿತ್ತು. ಆದರೆ ಒಂದು ಗುಟುಕು ಕುಡಿದರೆ ಸಾಕು, ಬಾಯೆಲ್ಲ ಒಗರು. ಟೀ ಪುಡಿಯನ್ನು ಬಿಸಿನೀರಲ್ಲಿ ಹಾಕಿ ಮರೆತುಬಿಟ್ಟರೆ ಆಗುತ್ತಲ್ಲ, ಹಾಗೆ.

ಮೊದಲು ಹಾಪ್ಸ್ (ಬಿಯರಿಗೆ ಹಾಕುವ ಒಂದು ಬಳ್ಳಿಯ ಹೂ) ಜಾಸ್ತಿಯಾಯಿತು ಅಂದುಕೊಂಡೆ. ಅಲ್ಲ. ಹಾಪ್ಸ್ ಕೊಡುವುದು ಕಹಿ. ಇದು ನಾಲಿಗೆಯನ್ನು ಒಣಗಿಸಿ, ಕೆನ್ನೆಯನ್ನು ಒಳಗಿನಿಂದ ಹಿಡಿದುಕೊಳ್ಳುತ್ತಿತ್ತು. ಮಾಲ್ಟ್ ಕಾಳಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಹೊಟ್ಟಿನಿಂದ ಇಳಿದ ಟ್ಯಾನಿನ್ ಎಂಬ ಒಗರು ಅಂಶ ಅದು.

ನಾನು ಮಾಡಿದ್ದು ಮಾಲ್ಟ್ ಎಕ್ಸ್‌ಟ್ರಾಕ್ಟ್ ಬಿಯರ್, ಅಂದರೆ ಮಾಲ್ಟ್ ರಸದ ಸಿದ್ಧ ಪಾಕದಿಂದ ಮಾಡುವಂಥದ್ದು. ಬಣ್ಣಕ್ಕೂ ರುಚಿಗೂ 400 ಗ್ರಾಂ ಕ್ರಿಸ್ಟಲ್ ಮಾಲ್ಟ್, 150 ಗ್ರಾಂ ಚಾಕೊಲೇಟ್ ಮಾಲ್ಟ್ (ಚಾಕೊಲೇಟ್ ಬಣ್ಣಕ್ಕೆ ಹುರಿದದ್ದು) ಬಟ್ಟೆ ಚೀಲದಲ್ಲಿ ಹಾಕಿ ನೆನೆಸಬೇಕಿತ್ತು. ಕಿಟ್ ಜೊತೆ ಬಂದ ಚೀಟಿಯಲ್ಲಿ ಚೀಲವನ್ನು ತಣ್ಣೀರಿಗೆ ಹಾಕಿ, ಕುದಿ ಬರುವಾಗ ತೆಗೆಯಿರಿ ಎಂದಿತ್ತು. ಹಾಗೇ ಮಾಡಿದೆ. ಪೂರ್ತಿ ಇಪ್ಪತ್ತು ಲೀಟರ್ ನೀರಿಗೆ ಚೀಲ ಇಳಿಸಿದೆ, ಒಲೆ ಹಚ್ಚಿದೆ. ಅಷ್ಟು ನೀರು ಕುದಿಯುವುದಕ್ಕೆ ಎಷ್ಟು ಹೊತ್ತು ಬೇಕು ಯೋಚಿಸಿ. ಕೊನೆಯ ಇಪ್ಪತ್ತು ನಿಮಿಷವಾದರೂ ಕಾಳು ಇರಬಾರದಷ್ಟು ಬಿಸಿಯಲ್ಲಿತ್ತು. ನಾನು ನೋಡುವಷ್ಟರಲ್ಲಿ ಚೀಲ ಗುಳ್ಳೆಗಳ ಮೇಲೆ ಕುಣಿಯುತ್ತಿತ್ತು. ಸಾಲದ್ದಕ್ಕೆ ಅದನ್ನು ಎರಡು ಸೌಟಿನ ನಡುವೆ ಒತ್ತಿ ಹಿಂಡಿದೆ. ಕೆಸರಿನಂಥ ಕಂದು ರಸ ಇಳಿಯಿತು. ಮಾಲ್ಟನ್ನು ಮಿಕ್ಸಿಯಲ್ಲಿ ಹಿಟ್ಟಾಗುವ ಹಾಗೆ ಪುಡಿ ಮಾಡಿದ್ದೆ, ಅದರ ಹೊಟ್ಟೂ ಬಟ್ಟೆಯಿಂದ ನುಸುಳಿ ಬಂತು. ಆಮೇಲೆ ಅದೆಲ್ಲ ಒಂದು ಗಂಟೆ ಹಾಪ್ಸ್ ಜೊತೆ ಕುದಿಯಿತು.

ಬಿಸಿಯೊಂದೇ ಕಾರಣ ಅಲ್ಲ, ಇದು ಆಮೇಲೆ ಗೊತ್ತಾಯಿತು. ಹಳೆಯ ಜರ್ಮನ್ ಪದ್ಧತಿಯೊಂದರಲ್ಲಿ ಮಾಲ್ಟ್ ಕಾಳನ್ನೇ ತೆಗೆದು ಕುದಿಸುತ್ತಾರೆ. ಆದರೂ ಅಲ್ಲಿ ಒಗರು ಬರುವುದಿಲ್ಲ. ಯಾಕೆಂದರೆ ಅದು ಗಟ್ಟಿ ಗಂಜಿ, ಪಿಎಚ್ (ಹುಳಿ-ಕ್ಷಾರದ ಅಳತೆ, ಕಡಿಮೆಯಾದಷ್ಟೂ ಹುಳಿ) 5.5ರ ಆಸುಪಾಸು. ಅರ್ಧ ಕಿಲೋ ಕಾಳು ಇಪ್ಪತ್ತು ಲೀಟರ್ ನೀರಿನ ಪಿಎಚ್ ಅನ್ನು ಅಷ್ಟು ಕೆಳಗೆ ಎಳೆಯಲಾರದು. ಪಿಎಚ್ 6 ದಾಟಿ, ಬಿಸಿಯೂ 77 ಡಿಗ್ರಿ ದಾಟಿದರೆ ಟ್ಯಾನಿನ್ ಸಲೀಸಾಗಿ ಇಳಿಯುತ್ತದೆ. ನೀರು ಗಡುಸಾಗಿ ಕ್ಷಾರದ ಕಡೆಗಿದ್ದರೆ ಇನ್ನೂ ಕಷ್ಟ.

ಹಿಂಡುವ ವಿಷಯದಲ್ಲಿ ಎರಡು ಮಾತಿದೆ. ಬಿಸಿ, ಪಿಎಚ್ ಎರಡೂ ಹಿಡಿತದಲ್ಲಿದ್ದರೆ ಹಿಂಡಿದರೂ ತೊಂದರೆ ಇಲ್ಲ ಅನ್ನುವವರಿದ್ದಾರೆ. ನಾನಂತೂ ಹಿಂಡುವುದಿಲ್ಲ. ಅಷ್ಟು ರಸಕ್ಕಾಗಿ ಪೂರ್ತಿ ಬಿಯರನ್ನು ಪಣಕ್ಕಿಡುವುದು ಬೇಡ.

ಬಾಟಲಿಯಲ್ಲಿಟ್ಟರೆ ಸರಿಹೋಗಬಹುದು ಅಂತ ಎರಡು ತಿಂಗಳು ಕಾದೆ. ಒಗರು ಸ್ವಲ್ಪ ತಗ್ಗಿತು, ಹೋಗಲಿಲ್ಲ. ಸುಮ್ನೆ ಕಾದದ್ದಾಯಿತು.

ನಿಮ್ಮ ಕಿಟ್ ಚೀಟಿಯಲ್ಲೂ ಆ ಸಾಲು ಇದ್ದರೆ ದಯವಿಟ್ಟು ಅದನ್ನು ಪಾಲಿಸಬೇಡಿ. ಇಷ್ಟು ಮಾಲ್ಟಿಗೆ ಮೂರು-ನಾಲ್ಕು ಲೀಟರ್ ನೀರು ಧಾರಾಳ. ಚಿಕ್ಕ ಪಾತ್ರೆಯಲ್ಲಿ ನೀರನ್ನು 70 ಡಿಗ್ರಿಗೆ ತನ್ನಿ, ಒಲೆ ಆರಿಸಿ, ಆಮೇಲೆ ಚೀಲ ಇಳಿಸಿ ಮುಚ್ಚಿಡಿ. ಕಾಳು ಒಡೆದಿದ್ದರೆ ಸಾಕು, ಹಿಟ್ಟಾಗಬಾರದು. ಅರ್ಧ ಗಂಟೆ ಆದ ಮೇಲೆ ಚೀಲವನ್ನು ಮೇಲೆತ್ತಿ ಜರಡಿಯಲ್ಲಿಟ್ಟು ತಾನಾಗಿ ಸೋರಲು ಬಿಡಿ. ಅದು ಪೂರ್ತಿ ಸೋರಿ, ಚೀಲ ಪಕ್ಕಕ್ಕೆ ಹೋದ ಮೇಲೆಯೇ ಮತ್ತೆ ಒಲೆ ಹಚ್ಚಿ.