ಸವಳಂಗ ರಸ್ತೆಯ ‘ಆಫ್ರಿಕಾ’ ರೆಸ್ಟೋರೆಂಟ್: ಅಡುಗೆ ಚೆನ್ನ, ಗೋಡೆಗಳೆಲ್ಲ ಅಮೆರಿಕದವು

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಈಚೆಗೆ ಆರಂಭವಾಗಿರುವ ಈ ರೆಸ್ಟೋರೆಂಟಿನಲ್ಲಿ ಅಡುಗೆ ಚೆನ್ನಾಗಿದೆ, ಬಡಿಸುವವರು ಸೌಜನ್ಯವಂತರು, ಬೆಲೆಯೂ ವಿಪರೀತವಲ್ಲ. ಆದರೆ ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಊಟಕ್ಕಿಂತ ಮೊದಲು ಗೋಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದರಿಂದ ಗೋಡೆಯ ಮಾತನ್ನೇ ಮೊದಲು ಆಡಬೇಕು.

ಬಾಗಿಲಿನ ಎದುರಿಗೇ ವಕಾಂಡದ ಭಾರಿ ಚಿತ್ರವಿದೆ. ಅದರ ಕೆಳಗೆ ‘ಆಫ್ರಿಕಾದ ಸಂಸ್ಕೃತಿ’ ಎಂದು ಬರೆಸಿದ್ದಾರೆ. ವಕಾಂಡ ಅಮೆರಿಕದ ಕಾಮಿಕ್ಸಿನಲ್ಲಿ ಹುಟ್ಟಿದ ಕಲ್ಪಿತ ರಾಜ್ಯ, ಅದರ ಕತೆಯಿರುವ 2018ರ ‘ಬ್ಲ್ಯಾಕ್ ಪ್ಯಾಂಥರ್’ ಸಿನಿಮಾದ ಚಿತ್ರೀಕರಣದ ಬಹುಭಾಗ ನಡೆದದ್ದೂ ಅಮೆರಿಕದ ಜಾರ್ಜಿಯಾದಲ್ಲಿಯೇ. ಸಿನಿಮಾದ ರಾಣಿಯ ಅಗಲವಾದ ಟೋಪಿ ದಕ್ಷಿಣ ಆಫ್ರಿಕಾದ ಜುಲು ಜನರ ವಿವಾಹಿತೆಯರದು, ಗಡಿ ಕಾಯುವವರ ಕಂಬಳಿ ಲೆಸೊಥೊದ ಬಸೊಥೊ ಜನರದು, ಪಾತ್ರಗಳು ಆಡುವ ಭಾಷೆ ದಕ್ಷಿಣ ಆಫ್ರಿಕಾದ ಖೋಸಾ. ಚಿತ್ರತಂಡ ಇವನ್ನೆಲ್ಲ ಅಭ್ಯಾಸ ಮಾಡಿ ಗೌರವದಿಂದಲೇ ಜೋಡಿಸಿತ್ತೆಂಬುದನ್ನು ಒಪ್ಪೋಣ. ಆದರೆ 54 ದೇಶಗಳ ಖಂಡವೊಂದು ಹೀಗೆ ಒಂದೇ ವೇಷದಲ್ಲಿ ಹಾಲಿವುಡ್ಡಿನಿಂದ ನಮ್ಮೂರಿಗೆ ಬಂದಿಳಿದಾಗ ಯಾವ ಟೋಪಿ ಯಾರದೆಂದು ಕೇಳುವವರೇ ಇರುವುದಿಲ್ಲ.

ಎಡಗಡೆಯ ಗೋಡೆ ಬೇರು ಹುಡುಕಿಕೊಂಡು ಹೊರಟ ಅಮೆರಿಕದ ತಾರೆಯರಿಗೆ ಮೀಸಲು. ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೇ ಚಿತ್ರದಡಿ ‘ಜುಲು ಮೂಲ’ ಎಂದಿದೆ. ತಾನು ಜುಲು ಎಂದು ಆಕೆ 2005ರಲ್ಲಿ ಹೇಳಿದ್ದುಂಟು. ಮರುವರ್ಷ ಪ್ರಸಾರವಾದ ಟಿವಿ ಕಾರ್ಯಕ್ರಮವೊಂದರಲ್ಲಿ ಡಿಎನ್‌ಎ ಪರೀಕ್ಷೆ ಆಕೆಯ ತಾಯಿಯ ಕಡೆಯ ಎಳೆಯನ್ನು ಲೈಬೀರಿಯಾದ ಕ್ಪೆಲೆ ಜನರತ್ತ ತೋರಿಸಿತು. ಇದರಲ್ಲಿ ನಗುವಂಥದ್ದೇನೂ ಇಲ್ಲ, ಇಂಥವರ ಹಿರಿಯರು ಆಫ್ರಿಕಾದಿಂದ ಗುಲಾಮರಾಗಿ ಒಯ್ಯಲ್ಪಟ್ಟವರು. 1850 ಮತ್ತು 1860ರ ಅಮೆರಿಕದ ಜನಗಣತಿಯಲ್ಲಿ ಗುಲಾಮರನ್ನು ಒಡೆಯನ ಹೆಸರಿನಡಿ ವಯಸ್ಸು, ಲಿಂಗ, ಬಣ್ಣವೆಂದಷ್ಟೇ ದಾಖಲಿಸಿದ್ದರು. ಬಿಡುಗಡೆ ಹೊಂದಿದವರೆಲ್ಲರ ಹೆಸರುಗಳು ಜನಗಣತಿಯಲ್ಲಿ ಬಂದದ್ದು 1870ರಲ್ಲಿ. ‘ಯಾವ ಕಡೆಯವರು’ ಎಂದೊಡನೆ ಊರು, ಮನೆತನ, ಮನೆದೇವರನ್ನು ಹೇಳಿಬಿಡುವ ನಮ್ಮ ಮಲೆನಾಡಿಗರಿಗೆ ಆ ಖಾಲಿತನದ ಅಂದಾಜಾಗುವುದು ಕಷ್ಟ, ಆದ್ದರಿಂದ ಆ ತಾರೆಯರ ಆತುರವನ್ನು ನಾನು ಕ್ಷಮಿಸಬಲ್ಲೆ. ಇಪ್ಪತ್ತು ವರ್ಷಗಳ ಹಿಂದೆಯೇ ತಿದ್ದಿಕೊಂಡ ಮಾತನ್ನು ಚೌಕಟ್ಟು ಹಾಕಿಸಿ ತೂಗುಹಾಕಿದ ಮಾಲೀಕರಿಗೆ ಆ ರಿಯಾಯಿತಿ ಸಲ್ಲದು.

ಕೈತೊಳೆಯುವ ಓಣಿಯಲ್ಲಿ ಮತ್ತೊಂದು ಆಫ್ರಿಕಾ ಇದೆ: ಎಲುಬು ಕಾಣುವ ಮಕ್ಕಳ ಚಿತ್ರ, ಕೆಳಗೊಂದು ಕಾಣಿಕೆ ಡಬ್ಬಿ. ಹಣ ಯಾರಿಗೆ ಹೋಗುತ್ತದೆಂದು ಡಬ್ಬಿಯ ಮೇಲೆ ಬರೆದಿಲ್ಲ, ಕೇಳಿದರೆ ಬಡಿಸುವ ಹುಡುಗನಿಗೂ ಗೊತ್ತಿರಲಿಲ್ಲ. 1985ರಲ್ಲಿ ಅಮೆರಿಕದ ಗಾಯಕರೆಲ್ಲ ಸೇರಿ ಇಥಿಯೋಪಿಯಾದ ಕ್ಷಾಮಕ್ಕಾಗಿ ಹಾಡಿದಾಗಿನಿಂದ ಉಳಿದುಬಂದ ಮಾದರಿ ಇದು. ಆ ಕ್ಷಾಮಕ್ಕೆ ಬರಗಾಲದಷ್ಟೇ ಅಂತರ್ಯುದ್ಧ ಮತ್ತು ಅಂದಿನ ಸೈನಿಕ ಸರ್ಕಾರದ ನೀತಿ ಕಾರಣವಾಗಿದ್ದವು, ಹಾಡು ಕೇಳಿದವರ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಒಣಗಿದ ನೆಲ. ಹಜಾರದಲ್ಲಿ ರಾಜರು, ಓಣಿಯಲ್ಲಿ ಹಸಿದವರು. ನಡುವೆ ಕಚೇರಿಗೆ ಹೋಗುವ, ಬಸ್ಸಿಗೆ ಕಾಯುವ ಒಬ್ಬನೇ ಒಬ್ಬ ಆಫ್ರಿಕನ್ ಈ ಕಟ್ಟಡದಲ್ಲಿಲ್ಲ.

ಇನ್ನು ಊಟ. ಪಶ್ಚಿಮ ಆಫ್ರಿಕಾದ ಜೊಲೊಫ್ ಅನ್ನವನ್ನು ಟೊಮೆಟೊ, ಈರುಳ್ಳಿ, ಮೆಣಸಿನಕಾಯಿಯ ಮಸಾಲೆಯನ್ನು ಎಣ್ಣೆ ಬಿಡುವವರೆಗೆ ಬಾಡಿಸಿ ಅದರಲ್ಲಿಯೇ ಅಕ್ಕಿ ಬೇಯಿಸಿ ಮಾಡುತ್ತಾರೆ; ಇಲ್ಲಿನದು ಉದುರುದುರಾಗಿ, ಹದವಾದ ಖಾರದಿಂದ ಬಂದಿತ್ತು, ಅದಕ್ಕೆ ಇರಬೇಕಾದ ತಳ ಹಿಡಿದ ಹೊಗೆಯ ವಾಸನೆಯೊಂದು ಮಾತ್ರ ಇರಲಿಲ್ಲ. ಇಥಿಯೋಪಿಯಾದ ಇಂಜೆರಾವನ್ನು ಟೆಫ್ ಧಾನ್ಯಕ್ಕೆ ಬದಲಾಗಿ ರಾಗಿಹಿಟ್ಟು ಹುಳಿಬರಿಸಿ ಹುಯ್ದಿದ್ದರು, ಅದು ನಮ್ಮ ಹುಳಿದೋಸೆಯಂತೆ ಬೆರಳಿಗೆ ಮೆತ್ತಗೆ ಸಿಗುತ್ತಿತ್ತು. ರಾಗಿಯೂ ಪೂರ್ವ ಆಫ್ರಿಕಾದ ಎತ್ತರದ ನೆಲದಿಂದ ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದ ಬೆಳೆ ಎಂಬುದನ್ನು ಮೆನುವಿನಲ್ಲಿ ಎಲ್ಲಿಯೂ ಹೇಳಿಲ್ಲ. ಕಾಫಿಯ ಕತೆ ಇನ್ನೂ ಸ್ವಾರಸ್ಯದ್ದು: ಅರೇಬಿಕಾದ ತವರು ಇಥಿಯೋಪಿಯಾ, ಚಿಕ್ಕಮಗಳೂರಿನ ತೋಟಗಳು ಇಲ್ಲಿಂದ ಕೆಲವೇ ಗಂಟೆಗಳ ದಾರಿ, ಪಟ್ಟಿಯಲ್ಲಿರುವ ಏಕೈಕ ಕಾಫಿ ಮಾತ್ರ ಅಮೆರಿಕಾನೊ!

ಮಾಲೀಕರು ಚಿತ್ರಗಳಿಗಾಗಿ ಅಷ್ಟು ದೂರ ನೋಡಬೇಕಾಗಿಯೂ ಇರಲಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಿನಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿಗಳು ತಲೆಮಾರುಗಳಿಂದ ಬದುಕುತ್ತಿದ್ದಾರೆ. ಅವರಲ್ಲಿ ಹಲವರ ಹಿರಿಯರು ಪೋರ್ಚುಗೀಸರ ಗೋವೆಯಲ್ಲಿ ಗುಲಾಮರಾಗಿದ್ದವರು. ಅವರ ಡಮಾಮಿ ಕುಣಿತವಿದೆ, ಹೆಂಗಸರು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿಗಳಿವೆ, 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡ ಶಾಂತಾರಾಮ ಸಿದ್ದಿಯವರಿದ್ದಾರೆ. ಅಲ್ಲಿನ ಒಂದು ಕೌದಿಯನ್ನು ನ್ಯಾಯವಾದ ಬೆಲೆ ಕೊಟ್ಟು ತಂದು ಗೋಡೆಗೆ ಹಾಕಿದ್ದರೆ ಈ ಹಜಾರದ ಕಳೆಯೇ ಬೇರೆಯಿರುತ್ತಿತ್ತು.

ಅಡುಗೆಗೆ ಐದಕ್ಕೆ ನಾಲ್ಕು, ಅಲಂಕಾರಕ್ಕೆ ಒಂದು. ಹೋಗುವವರು ಇಂಜೆರಾ ಮತ್ತು ಬೇಳೆಯ ಪಲ್ಯವನ್ನು ತೆಗೆದುಕೊಳ್ಳಬಹುದು. ಸಂಜೆ ಏಳರ ನಂತರ ಟಿವಿ ಪರದೆಯ ಸದ್ದು ವಿಪರೀತವಾಗುವುದರಿಂದ ಮಾತಾಡುತ್ತ ಉಣ್ಣಬೇಕೆನ್ನುವವರು ಮಧ್ಯಾಹ್ನವೇ ಹೋಗುವುದು ಒಳ್ಳೆಯದು.